ಸೂರ್ಯನ ಮೇಲೊಂದು ಲೋಟ

ಅವಳಿಗೆ ಮೊಂಡಿ ಅಂತ ಹೆಸರಿಟ್ಟವಳು ಅವಳ ಅಮ್ಮನೇ. ಮೂರು ವರ್ಷದವಳಿದ್ದಾಗ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು, ಇದೇ ಸರಿ ಎಂದು ಇಡೀ ದಿನ ಅಂಗಡಿಯ ತುಂಬ ಓಡಾಡಿದ್ದಳಂತೆ. ಸಂಜೆ ಹೊತ್ತಿಗೆ ಎರಡೂ ಪಾದ ಬೊಬ್ಬೆ ಎದ್ದಿದ್ದವು. ಆಗಲೂ "ಚಪ್ಪಲಿ ಕೆಟ್ಟದ್ದು" ಅಂದಳಂತೆ ಹೊರತು, ತಾನು ತಪ್ಪು ಅನ್ನಲಿಲ್ಲ. ಅಂದಿನಿಂದ ಮನೆಯಲ್ಲಿ, ಬೀದಿಯಲ್ಲಿ, ಆಮೇಲೆ ಕಾಲೇಜಿನಲ್ಲೂ ಅವಳು ಮೊಂಡಿಯೇ ಆದಳು.

ಅಂಗಡಿ ಎಂದರೆ ಕನ್ನಡಕದ ಅಂಗಡಿ. ಅಗಲ ಕಡಿಮೆ, ಉದ್ದ ಅದಕ್ಕಿಂತ ಕಡಿಮೆ. ಕಣ್ಣು ಪರೀಕ್ಷೆಗೆ ಬೇಕಾದಷ್ಟು ದೂರ ಒಳಗೆ ಸಿಗದ ಕಾರಣ, ಅಕ್ಷರದ ಹಲಗೆಯನ್ನು ಗಿರಾಕಿಯ ಬೆನ್ನ ಹಿಂದೆ ನೇತುಹಾಕಿ, ಎದುರು ಗೋಡೆಯ ಕನ್ನಡಿಯಲ್ಲಿ ಓದಿಸುತ್ತಿದ್ದಳು ಅಮ್ಮ. ಹಲಗೆಯ ಮೇಲೆ ಅಕ್ಷರಗಳು ಉಲ್ಟಾ, ಕನ್ನಡಿಯಲ್ಲಿ ಸರಿ. ಹಾಗಾಗಿ ಮೊಂಡಿ ಶಾಲೆಗೆ ಹೋಗುವ ಮೊದಲೇ ಉಲ್ಟಾ ಅಕ್ಷರ ಓದಲು ಕಲಿತಿದ್ದಳು. ನೇರ ಅಕ್ಷರ ಕಲಿಯುವುದು ಅವಳಿಗೆ ಆಮೇಲಿನ ಕಷ್ಟ.

ಅವಳು ಸೇರಿದ ಕಾಲೇಜಿನಲ್ಲಿ ಯಾರೂ ಒಂದೇ ವಿಷಯ ಓದಿಕೊಂಡು ಹೊರಗೆ ಬರುವಂತಿರಲಿಲ್ಲ. ಭೌತಶಾಸ್ತ್ರ, ಖಗೋಳಶಾಸ್ತ್ರ ಅಂತ ಬಂದವಳೂ ಒಂದು ವರ್ಷ ಇತಿಹಾಸ, ಒಂದು ವರ್ಷ ನಾಟಕ, ಒಂದು ವರ್ಷ ಜೇಡಿಮಣ್ಣಿನ ಕೆಲಸ ಕಲಿಯಲೇಬೇಕು. ಅಮ್ಮನ ತಮ್ಮ, ಅಂದರೆ ಸೋದರಮಾವ, ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಇದೇನು ಕಾಲೇಜೋ ಶಿಶುವಿಹಾರವೋ? ಹೋಗಲಿ, ಮುಖ್ಯ ಪಾಠ ಏನು?"

"ದಿನಾ ಬೆಳಿಗ್ಗೆ ಸೂರ್ಯನ ಮೇಲೆ ಕಲೆ ಎಷ್ಟಿದೆ ಅಂತ ಎಣಿಸೋದು."

"ಕಲೆ ಎಣಿಸಿದ್ರೆ ಯಾರಮ್ಮಾ ಕೂರಿಸಿ ಊಟ ಹಾಕ್ತಾರೆ?"

"ನಿಮ್ಮ ತಲೇಲಿ ಕೂದಲು ಎಣಿಸೋದಕ್ಕಿಂತ ಕಷ್ಟದ ಕೆಲಸ ಮಾವ. ಅದಾದ್ರೆ ಬೇಗ ಮುಗಿದುಹೋಗುತ್ತೆ."

ಮಾವ ಬೋಳು ತಲೆ ಸವರಿಕೊಂಡ. ಅಮ್ಮ ಗಾಜಿನ ಅಂಚು ಉಜ್ಜುತ್ತ, ತಲೆ ಎತ್ತದೆ ನಕ್ಕಳು.

ಕಲೆ ಎಣಿಸುವುದು ನಿಜವಾದ ಮಾತು. ಕಾಲೇಜಿನ ಸುತ್ತ ದೀಪಗಳು ಎಷ್ಟು ಹೆಚ್ಚಿದ್ದವೆಂದರೆ ರಾತ್ರಿ ನಕ್ಷತ್ರ ನೋಡುವ ಮಾತೇ ಇರಲಿಲ್ಲ. ಹಾಗಾಗಿ ಆ ಇಲಾಖೆ ಹಗಲಿನಲ್ಲಿ ಸಿಗುವ ಒಂದೇ ನಕ್ಷತ್ರವನ್ನು ಹಿಡಿದುಕೊಂಡಿತ್ತು. ಮೇಲಿನ ಮಹಡಿಯಲ್ಲಿ, ಚಾವಣಿ ಸರಿಸಬಹುದಾದ ಕೋಣೆ. ಅಲ್ಲೊಂದು ಹಳೆಯ ದೂರದರ್ಶಕ. ಮೋಡವಿಲ್ಲದ ದಿನ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬರು ಹೋಗಿ, ಅದರ ಹಿಂದೆ ಕಟ್ಟಿದ ಕಡಿದಾದ ಹಲಗೆಗೆ ಬಿಳಿ ಹಾಳೆಯನ್ನು ನಾಲ್ಕು ಮೂಲೆಗೂ ಸೂಜಿ ಚುಚ್ಚಿ ನಿಲ್ಲಿಸಬೇಕು. ಸೂರ್ಯನ ಬಿಂಬ ತಟ್ಟೆಯಷ್ಟು ಅಗಲವಾಗಿ ಹಾಳೆಯ ಮೇಲೆ ಬೀಳುತ್ತದೆ. ಅದರಲ್ಲಿ ಕಾಣುವ ಕಪ್ಪು ಕಲೆಗಳನ್ನು ನಿಂತುಕೊಂಡೇ ಪೆನ್ಸಿಲಿನಲ್ಲಿ ಗುರುತಿಸಬೇಕು. ದೂರದರ್ಶಕವನ್ನು ತಿರುಗಿಸುವ ಚಕ್ರ ನಿಲ್ಲಿಸಿದರೆ ಬಿಂಬ ಮೆಲ್ಲಗೆ ಜಾರುತ್ತದೆ. ಜಾರಿದ ಕಡೆಯೇ ಪಶ್ಚಿಮ. ಪಶ್ಚಿಮ ಸಿಕ್ಕಮೇಲೆ ಉತ್ತರ ಯಾವ ಕಡೆ ಎಂಬುದನ್ನು ಯಾರೋ ಪುಣ್ಯಾತ್ಮರು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಚಿತ್ರ ಬರೆದು ಇಟ್ಟಿದ್ದರು. ಹಾಳೆಯ ಕೆಳಗೆ ತಾರೀಕು, ಸಹಿ. ಐವತ್ತೆರಡು ವರ್ಷಗಳ ಹಾಳೆಗಳು ಹೀಗೆ ಕಪಾಟುಗಳಲ್ಲಿ ಕೂತಿದ್ದವು.

ಇಲಾಖೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು, ನಡೆಯುವಾಗ ಎಡಗಾಲು ತುಸು ಎಳೆಯುತ್ತಿದ್ದರು. ಪಾಠ ಮಾಡಿದರೆ ಕಲ್ಲಿಗೂ ತಿಳಿಯಬೇಕು, ಅಷ್ಟು ಚೆನ್ನಾಗಿ ಹೇಳುವರು. ಮಹಡಿಯ ಮೊಗಸಾಲೆಯಲ್ಲಿ ಅವರ ಲೇಖನವೊಂದು ಗಾಜಿನ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಮೂವತ್ತೊಂದು ವರ್ಷದ ಹಿಂದೆ, ಇದೇ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದಾಗ ಬರೆದದ್ದು. ಆ ವರ್ಷ ಸೂರ್ಯನ ದಕ್ಷಿಣಾರ್ಧದಲ್ಲಿ ಇದ್ದಕ್ಕಿದ್ದಂತೆ ಕಲೆಗಳು ಹೆಚ್ಚಿದವು ಎಂಬುದು ಅದರ ಸಾರ. ಸಣ್ಣ ಪತ್ರಿಕೆ, ಸಣ್ಣ ಲೇಖನ; ಬೇರೆ ಯಾರೂ ಅದನ್ನು ಹಿಡಿದು ಹೋಲಿಸುವ ಗೋಜಿಗೆ ಹೋಗಲಿಲ್ಲ. ಆದರೆ ನಾಲ್ಕೇ ಜನ ಓದುವ ಇಲಾಖೆ ಯಾಕೆ ಬೇಕು ಎಂದು ಆಡಳಿತದವರು ಕೇಳಿದಾಗಲೆಲ್ಲ ಅವರನ್ನು ಮೇಡಂ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದದ್ದು ಅದರ ಮುಂದೆಯೇ.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ವರದಿ ಬರೆಯಬೇಕು. ಬರೆದು, ಎಲ್ಲ ಇಲಾಖೆಗಳ ಮೇಷ್ಟ್ರುಗಳ ಮುಂದೆ ನಿಂತು ಹೇಳಬೇಕು. ಸಂಗೀತದವರು, ಚರಿತ್ರೆಯವರು, ಮಣ್ಣಿನವರು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಅದಕ್ಕೆ ಮೊದಲು ಮಾರ್ಗದರ್ಶಕರ ಸಹಿ ಬೇಕು. ಸಹಿ ಇಲ್ಲದಿದ್ದರೆ ಆ ವರ್ಷ ಹೋಯಿತು. ಮೊಂಡಿಯ ಮಾರ್ಗದರ್ಶಕಿ ದೊಡ್ಡ ಮೇಡಂ.

ಸೂರ್ಯ ಎಷ್ಟು ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತಾನೆ ಎಂಬುದನ್ನು ಐವತ್ತೆರಡು ವರ್ಷದ ಹಾಳೆಗಳಿಂದ ಲೆಕ್ಕ ಹಾಕುವುದು ಅವಳ ಕೆಲಸ. ತೆಳ್ಳನೆಯ ಹಾಳೆ ಇಟ್ಟು, ಒಂದೇ ಕಲೆ ದಿನದಿಂದ ದಿನಕ್ಕೆ ಎಲ್ಲಿಗೆ ಸರಿಯಿತು ಎಂದು ಚುಕ್ಕೆ ಇಡುತ್ತ ಹೋದಳು. ಹೀಗೆ ಇಟ್ಟ ಚುಕ್ಕೆಗಳು ಒಂದು ದಾರಿಯಾಗುತ್ತವೆ. ಸೆಪ್ಟೆಂಬರಿನಲ್ಲಿ ಸೂರ್ಯನ ಉತ್ತರದ ತಲೆ ನಮ್ಮ ಕಡೆ ತುಸು ಬಾಗಿರುತ್ತದೆ. ಆಗ ದಾರಿ ನಗುವ ತುಟಿಯ ಹಾಗೆ ಕೆಳಕ್ಕೆ ಬಾಗುತ್ತದೆ. ಮಾರ್ಚಿನಲ್ಲಿ ಇದಕ್ಕೆ ತದ್ವಿರುದ್ಧ, ಅಳುವ ತುಟಿ. ಐವತ್ತೊಂದು ಸೆಪ್ಟೆಂಬರುಗಳು ನಕ್ಕವು. ಒಂದು ಮಾತ್ರ ಮುಖ ಊದಿಸಿಕೊಂಡು ಕೂತಿತ್ತು.

ಅವಳು ಮತ್ತೆ ಮಾಡಿದಳು. ಮತ್ತೆ ಅದೇ. ಆ ವರ್ಷದ ಆಗಸ್ಟಿನಿಂದ ಮುಂದಿನ ಏಪ್ರಿಲ್‌ವರೆಗೆ, ಒಂಬತ್ತು ತಿಂಗಳು, ನೂರ ಎಂಬತ್ತೇಳು ಹಾಳೆ, ಎಲ್ಲ ದಾರಿಗಳೂ ತಿರುಗಿ ಬಾಗಿದ್ದವು. ಹಾಳೆಗಳ ಕೆಳಗೆ ಕೊನೆಯಲ್ಲಿ ಬಾಲ ಸುತ್ತಿಕೊಂಡ ಒಂದು ಸಹಿ. ಹಾಜರಿ ಪುಸ್ತಕದಲ್ಲಿ ದಿನಾ ನೋಡುತ್ತಿದ್ದ ಸಹಿ. ಮೊಗಸಾಲೆಯ ಲೇಖನ ಹುಟ್ಟಿದ್ದೂ ಈ ಹಾಳೆಗಳಿಂದಲೇ.

ಅಂಗಡಿಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಕೈಯಲ್ಲಿದ್ದ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತ ಕೇಳಿದಳು.

"ಪಶ್ಚಿಮ ಸರಿಯಾಗಿದೆಯಾ?"

"ಸರಿಯಾಗಿದೆ. ಅದನ್ನ ದಿನಾ ಹೊಸದಾಗಿ ನೋಡೇ ಬರೀತೀವಿ."

"ಮೇಲು ಕೆಳಗು ಮಾತ್ರ ಅದಲು ಬದಲಾ?"

"ಹೂಂ."

"ಮತ್ತೇನು ಕೇಳ್ತೀಯ. ನಡುವೆ ಎಲ್ಲೋ ಒಂದು ಕನ್ನಡಿ ಬಂದು ಕೂತಿದೆ. ನೀನು ಆರನೇ ಕ್ಲಾಸಲ್ಲಿದ್ದಾಗ ಹಲಗೆ ಬರೆಯೋನು ಉಲ್ಟಾ ಬರೆಯೋದು ಮರೆತು ನೇರ ಬರೆದುಕೊಟ್ಟಿದ್ದ, ನೆನಪಿದೆಯಾ? ಒಂದು ವಾರ ಬಂದವರೆಲ್ಲ ತಡವರಿಸಿ ಓದಿದ್ರು. ಊರಿಗೆಲ್ಲ ಒಟ್ಟಿಗೆ ಕಣ್ಣು ಕೆಟ್ಟಿತು ಅಂದ್ಕೊಂಡು ನಾನು ಎಲ್ಲರಿಗೂ ದಪ್ಪ ಗಾಜು ಹಾಕಿಬಿಟ್ಟೆ."

ಮೊಂಡಿಗೆ ನೆನಪಿತ್ತು. ಹಲಗೆ ತಪ್ಪು ಎಂದು ಕಂಡುಹಿಡಿದವಳು ಅವಳೇ.

ಸರಿ, ಕನ್ನಡಿ. ಆದರೆ ದೂರದರ್ಶಕದಿಂದ ಹಲಗೆಯ ಮೇಲೆ ನೇರ ಬೀಳುವ ಬೆಳಕಿಗೆ ಕನ್ನಡಿ ಯಾಕೆ ಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಭೌತಶಾಸ್ತ್ರದ ಪುಸ್ತಕದಲ್ಲಲ್ಲ. ಇತಿಹಾಸದ ಮೇಷ್ಟ್ರು ಹಳೆಯ ಕಾಗದ ಓದಿಸುವಾಗ ತಲೆ ತಿನ್ನುವಷ್ಟು ಸಲ ಹೇಳುತ್ತಿದ್ದ ಮಾತೊಂದಿತ್ತು: "ಯಾರು ಬರೆದರು ಅಂತ ಎಲ್ಲರೂ ಕೇಳ್ತಾರೆ. ಎಲ್ಲಿ ಕೂತು ಬರೆದರು ಅಂತ ಕೇಳಿ." ಮೊಂಡಿ ಆ ಒಂಬತ್ತು ತಿಂಗಳ ಹಾಳೆಗಳನ್ನು ಕಿಟಕಿಯ ಬಳಿ ತಂದು, ಸೂರ್ಯನನ್ನು ಬಿಟ್ಟು ಬರೀ ಹಾಳೆಯನ್ನು ನೋಡಿದಳು.

ಹಾಳೆಗಳ ಮೇಲೆ ಲೋಟದ ಗುರುತುಗಳಿದ್ದವು. ಬಿಸಿ ಲೋಟ ಇಟ್ಟಾಗ ಏಳುವ ಕಂದು ಬಳೆ. ಕೆಲವು ಅಂಚಿನಲ್ಲಿ, ಕೆಲವು ಸೂರ್ಯನ ಮೇಲೆಯೇ. ಕಡಿದಾದ ಹಲಗೆಯ ಮೇಲೆ ಲೋಟ ಇಟ್ಟರೆ ಅದು ನಿಲ್ಲುತ್ತದೆಯೇ, ಕಾಲ ಮೇಲೆ ಬೀಳುತ್ತದೆ. ಮೂಲೆ ಮುಟ್ಟಿ ನೋಡಿದಳು. ಸೂಜಿಯ ತೂತುಗಳಿಲ್ಲ. ಅಂದರೆ ಈ ಹಾಳೆಗಳು ಹಲಗೆಗೆ ಏರಿಲ್ಲ. ಮೇಜಿನ ಮೇಲೆ ಮಲಗಿದ್ದವು. ಬರೆದವರು ಕೂತಿದ್ದರು. ನಿಂತುಕೊಳ್ಳಲು ಆಗದ ಕಾರಣ ಬೆಳಕನ್ನು ಕನ್ನಡಿಯಿಂದ ಮೇಜಿಗೆ ಬಗ್ಗಿಸಿಕೊಂಡಿದ್ದರು. ಪಶ್ಚಿಮವನ್ನು ನೋಡಿಯೇ ಬರೆದರು. ಉತ್ತರವನ್ನು ಗೋಡೆಯ ಕೆಂಪು ಚಿತ್ರದಿಂದ ಬರೆದರು. ಗೋಡೆಗೆ ಕನ್ನಡಿಯ ವಿಷಯ ಯಾರೂ ತಿಳಿಸಿರಲಿಲ್ಲ.

ನಿಂತುಕೊಳ್ಳಲು ಆಗದ ಕಾಲು ಯಾವುದು ಎಂದು ಅವಳು ಯೋಚಿಸಬೇಕಾಗಿರಲಿಲ್ಲ.

ಒಂದು ದೊಡ್ಡ ವೀಕ್ಷಣಾಲಯಕ್ಕೆ ಬರೆದು ಅದೇ ತಿಂಗಳುಗಳ ಚಿತ್ರ ತರಿಸಿದಳು. ಅವರ ಸೂರ್ಯನಲ್ಲಿ ಆ ಹೆಚ್ಚಿದ ಕಲೆಗಳೆಲ್ಲ ಉತ್ತರದಲ್ಲಿದ್ದವು. ಆಮೇಲೆ ಅಧ್ಯಾಯ ಬರೆದು ಮೇಡಂ ಮೇಜಿನ ಮೇಲಿಟ್ಟಳು.

ಮೇಡಂ ಅದನ್ನು ಎರಡು ಸಲ ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ.

"ಈ ಒಂಬತ್ತು ತಿಂಗಳು ಬಿಟ್ಟುಬಿಡು," ಎಂದರು. "ಐವತ್ತೆರಡು ವರ್ಷದಲ್ಲಿ ಒಂಬತ್ತು ತಿಂಗಳು ಇಲ್ಲದಿದ್ರೆ ನಿನ್ನ ಲೆಕ್ಕ ಕೂದಲೆಳೆಯಷ್ಟೂ ಬದಲಾಗಲ್ಲ."

"ಬದಲಾಗಲ್ಲ ಮೇಡಂ. ಆದರೆ ಯಾಕೆ ಬಿಟ್ಟೆ ಅಂತ ಬರೀಬೇಕಲ್ಲ."

"ಹಾಳೆಗಳು ಅಪೂರ್ಣ ಅಂತ ಬರಿ."

"ಅಪೂರ್ಣ ಅಲ್ಲ. ಎಲ್ಲ ವರ್ಷಗಳಿಗಿಂತ ಅಂದವಾಗಿ ಬರೆದ ಹಾಳೆಗಳು ಅವೇ. ತಲೆಕೆಳಗಾಗಿವೆ, ಅಷ್ಟೇ."

ಮೇಡಂ ಕನ್ನಡಕ ತೆಗೆದು ಒರೆಸಿದರು. ಅದು ಮೊಂಡಿಯ ಅಮ್ಮ ಮಾಡಿಕೊಟ್ಟ ಕನ್ನಡಕ.

"ನೋಡಮ್ಮ, ಮುಂದಿನ ತಿಂಗಳು ಆಡಳಿತದವರು ಬರ್ತಾರೆ. ಈ ಕೋಣೆಗೆ ಬೀಗ ಹಾಕಬೇಕೋ ಬೇಡವೋ ಅಂತ ನೋಡೋಕೆ. ಅವರಿಗೆ ತೋರಿಸೋಕೆ ನನ್ನ ಹತ್ರ ಇರೋದು ಗೋಡೆ ಮೇಲಿನ ಆ ಒಂದು ಕಟ್ಟು. ನೀನು ಹೊರಡ್ತೀಯ, ನಿನ್ನ ಹಿಂದೆ ಬರೋರಿಗೆ ದೂರದರ್ಶಕ ಬೇಡವಾ? ಆ ಅಧ್ಯಾಯ ಇದ್ರೆ ನಾನು ಸಹಿ ಹಾಕಲ್ಲ."

"ಸುಳ್ಳು ತೋರಿಸಿ ಉಳಿಸಿಕೊಂಡ ದೂರದರ್ಶಕದಲ್ಲಿ ಅವರು ಏನು ನೋಡಬೇಕು ಮೇಡಂ?"

ಆಡಿದ ಮಾತನ್ನು ನುಂಗಿಕೊಳ್ಳುವ ಅಭ್ಯಾಸ ಅವಳಿಗೆ ಇರಲಿಲ್ಲ. ವರದಿ ಎತ್ತಿಕೊಂಡು ಹೊರಗೆ ಬಂದಳು.

ಮನೆಯಲ್ಲಿ ಮಾವ ತಲೆಯ ಮೇಲೆ ಕೈ ಹೊತ್ತ. "ಸಹಿ ಹಾಕೋರ ಹತ್ರ ಜಗಳ ಆಡ್ತಾರೇನೇ? ಮೂವತ್ತೊಂದು ವರ್ಷದಿಂದ ತಲೆಕೆಳಗಾಗಿದ್ದ ಸೂರ್ಯ ಇನ್ನೊಂದು ತಿಂಗಳು ಹಾಗೇ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಪಾಸಾಗಿ ಬಂದು ಆಮೇಲೆ ತಿರುಗಿಸೋದು."

"ಆಮೇಲೆ ಯಾರು ತಿರುಗಿಸ್ತಾರೆ ಮಾವ? ಪಾಸಾದ ಮೇಲೆ ನಾನೂ ನಿಮ್ಮ ಹಾಗೇ ಮಾತಾಡ್ತೀನಿ."

ಅಮ್ಮ ಇಬ್ಬರನ್ನೂ ನೋಡಿ, "ಸಹಿ ಇಲ್ಲದೆ ನಿಂತ್ರೆ ಏನು ಮಾಡ್ತಾರೆ?" ಎಂದು ಮೊಂಡಿಯನ್ನು ಕೇಳಿದಳು.

"ಕೆಳಗೆ ಇಳಿ ಅನ್ನಬಹುದು. ಒಂದು ವರ್ಷ ಹೋಗುತ್ತೆ."

ಅಮ್ಮ ಹೇಳಿದಳು: "ಆ ಹಲಗೆ ವಾರ ಕನ್ನಡಕ ಮಾಡಿಸಿಕೊಂಡೋರು ಹನ್ನೊಂದು ಜನ. ಹನ್ನೊಂದು ಮನೆಗೂ ನಾನೇ ಹೋಗಿ, ತಪ್ಪು ನಂಬರ್ ಕೊಟ್ಟಿದ್ದೀನಿ, ವಾಪಸ್ ಕೊಡಿ ಅಂದೆ. ಇಬ್ಬರು ಬಾಗಿಲಲ್ಲೇ ನಿಲ್ಲಿಸಿ ಬೈದ್ರು. ಒಬ್ಬಾಕೆ ಮಾತ್ರ ಕನ್ನಡಕ ಕೊಡಲೇ ಇಲ್ಲ, ಇದೇ ಚೆನ್ನಾಗಿದೆ ಅಂದಳು. ಈಗಲೂ ಆಕೆ ರಸ್ತೆ ದಾಟೋವಾಗ ನನಗೆ ಜೀವ ಬಾಯಿಗೆ ಬರುತ್ತೆ. ನಿನ್ನ ಮೇಡಂ ಕೆಟ್ಟೋರಲ್ಲ ಕಣೇ. ಹಳೇ ಕನ್ನಡಕ ಬಿಚ್ಚೋಕೆ ಯಾರಿಗೂ ಮನಸ್ಸು ಬರಲ್ಲ. ನೀನು ಹೋಗಿ ನಿಲ್ಲು. ವರ್ಷ ಹೋದ್ರೆ ಅಂಗಡಿಯಲ್ಲಿ ಗಾಜು ಉಜ್ಜೋಕೆ ಕೈ ಬೇಕೇ ಬೇಕು."

ಆ ದಿನ ಸಭಾಂಗಣ ತುಂಬಿತ್ತು. ಮೊಂಡಿಯ ಸರದಿ ಬಂದಾಗ, ಅಧ್ಯಕ್ಷತೆ ವಹಿಸಿದ್ದ ಸಂಗೀತದ ಮೇಷ್ಟ್ರು ಮೊದಲ ಪುಟ ತಿರುವಿ ಹುಬ್ಬೇರಿಸಿದರು.

"ಸಹಿ ಇಲ್ಲವಲ್ಲಮ್ಮ."

"ಗೊತ್ತು ಸರ್. ಫೇಲ್ ಮಾಡೋದಾದ್ರೆ ಕೇಳಿದ ಮೇಲೆ ಮಾಡಿ. ಕೇಳದೇ ಮಾಡಬೇಡಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಇತಿಹಾಸದ ಮೇಷ್ಟ್ರು ಮುಂದಿನ ಸಾಲಿನಿಂದಲೇ, "ಕೇಳೋಣ ಬಿಡಿ, ಕಿವಿ ಸವೆಯಲ್ಲ," ಎಂದರು. ಸಂಗೀತದ ಮೇಷ್ಟ್ರು ಒಮ್ಮೆ ಗಡಿಯಾರ ನೋಡಿ ಕೈ ಬೀಸಿದರು.

ಅವಳು ಹೇಳಿದಳು. ನಗುವ ಸೆಪ್ಟೆಂಬರುಗಳನ್ನು ತೋರಿಸಿದಳು, ಮುಖ ಊದಿಸಿಕೊಂಡದ್ದನ್ನೂ ತೋರಿಸಿದಳು. ಯಾರು ಬರೆದರು ಎಂಬುದನ್ನು ಮಾತ್ರ ಹೇಳಲಿಲ್ಲ. ಸಹಿಯ ಮೇಲೆ ಬಿಳಿ ಕಾಗದ ಅಂಟಿಸಿದ್ದಳು. ಅರ್ಧ ಆಗಿತ್ತು, ಹಿಂದಿನ ಬಾಗಿಲು ತೆರೆಯಿತು. ದೊಡ್ಡ ಮೇಡಂ ಕಾಲೆಳೆದುಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ಮೊಂಡಿ ಮಾತು ನಿಲ್ಲಿಸಲಿಲ್ಲ.

ಪ್ರಶ್ನೆಗಳ ಹೊತ್ತಿಗೆ ಮೊದಲು ಎದ್ದವರೇ ಅವರು.

"ದೊಡ್ಡ ವೀಕ್ಷಣಾಲಯದವರದ್ದು ಸರಿ, ನಮ್ಮದು ತಪ್ಪು ಅಂತ ಯಾಕೆ ಒಪ್ಪಬೇಕು? ಅವರು ದೊಡ್ಡವರು ಅಂತಲಾ?"

"ಅಲ್ಲ ಮೇಡಂ. ನಮ್ಮ ಹಾಳೆಗಳೇ ಒಪ್ಪಿಕೊಂಡಿವೆ ಅಂತ. ನೂರ ಎಂಬತ್ತೇಳರಲ್ಲಿ ಒಂದಕ್ಕೂ ಸೂಜಿ ತೂತಿಲ್ಲ. ನೂರಕ್ಕೂ ಹೆಚ್ಚು ಹಾಳೆಗಳ ಮೇಲೆ ಲೋಟ ಕೂತ ಗುರುತಿದೆ. ನಮ್ಮ ಹಲಗೆ ಮೇಲೆ ಲೋಟ ಕೂರಿಸಿ ತೋರಿಸಿದ್ರೆ ನಾನು ಈ ವರದೀನ ಇಲ್ಲೇ ಹರೀತೀನಿ."

ಮಣ್ಣಿನ ಪಾಠದವರು ನಕ್ಕರು. ಮೇಡಂ ನಗಲಿಲ್ಲ. ಇಡೀ ಸಭೆಗೆ ಕೇಳುವ ಹಾಗೆ ಹೇಳಿದರು:

"ಆ ಲೋಟ ನಂದು. ಮೆಟ್ಟಿಲಿಂದ ಬಿದ್ದು ಕಾಲು ಎರಡು ಕಡೆ ಮುರಿದಿತ್ತು. ಒಂದು ದಿನವೂ ತಪ್ಪಿಸಬಾರದು ಅಂತ ಹಟ. ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಮಹಡಿ ಹತ್ತಿಸೋರು. ಆ ಕನ್ನಡಿ ಕಟ್ಟಿದ್ದೂ ನಾನೇ." ಕೂತುಕೊಳ್ಳುವ ಮುನ್ನ ಅಂದರು, "ಆ ಬಿಳಿ ಕಾಗದ ತೆಗಿ. ಹಾಳೆಗೆ ಯಾರದ್ದು ಅಂತ ಸಹಿ ಹಾಕೋದೇ ಇದಕ್ಕೆ."

ಮೊಂಡಿ ತೆಗೆದಳು. ಬಾಲ ಸುತ್ತಿದ ಸಹಿ ಎಲ್ಲರಿಗೂ ಕಂಡಿತು.

ಮೇಷ್ಟ್ರುಗಳು ಬಾಗಿಲು ಹಾಕಿಕೊಂಡು ಒಂದು ಗಂಟೆ ಜಗಳವಾಡಿದರು. ನಿಯಮ ನಿಯಮವೇ ಎಂದರು ಕೆಲವರು. ಕೊನೆಗೆ, ಸಹಿ ಇಲ್ಲದ ತಪ್ಪಿಗೆ ಅವಳಿಗೆ ಬರೀ ಪಾಸಾಗುವಷ್ಟು ಅಂಕ ಕೊಟ್ಟರು. ಮೇಡಂ ಒಂದು ಅಂಕ ಹೆಚ್ಚಿಗೆ ಕೇಳಲಿಲ್ಲ, ಮೊಂಡಿಯೂ ಕೇಳಲಿಲ್ಲ.

"ಇಷ್ಟೆಲ್ಲ ರಂಪ ಮಾಡಿ ಬರೀ ಪಾಸಾ?" ಎಂದ ಮಾವ.

"ಬರೀ ಪಾಸು ಮಾವ. ಆದರೆ ವರದಿ ಪೂರ್ತಿ."

ಎರಡು ವಾರ ಬಿಟ್ಟು ಮೇಡಂ ಹೇಳಿ ಕಳುಹಿಸಿದರು. ಮೊಗಸಾಲೆಯಲ್ಲಿ ಲೇಖನದ ಕಟ್ಟು ಇದ್ದ ಜಾಗ ಖಾಲಿ. ಸುತ್ತಲಿನ ಗೋಡೆಗಿಂತ ಅಷ್ಟು ಮಾತ್ರ ಬೆಳ್ಳಗಿತ್ತು. ಮಹಡಿ ಕೋಣೆಯ ಮೇಜಿನ ಮೇಲೆ ಆ ಒಂಬತ್ತು ತಿಂಗಳ ಹಾಳೆಗಳು ಹರಡಿಕೊಂಡಿದ್ದವು. ಒಂದೊಂದು ಹಾಳೆಯಲ್ಲೂ ಹಳೆಯ ಉತ್ತರ ದಕ್ಷಿಣಗಳನ್ನು ಅಳಿಸದೆ, ಕೆಂಪು ಶಾಯಿಯಲ್ಲಿ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಕು ಹಾಕಿ ಸಹಿ ಮಾಡಿದ್ದರು.

"ಆಡಳಿತದವರು ಬಂದು ಹೋದ್ರಾ ಮೇಡಂ?"

"ಬಂದಿದ್ರು. ಕಟ್ಟು ಎಲ್ಲಿ ಅಂದ್ರು. ತಪ್ಪಾಗಿತ್ತು, ತೆಗೆದೆ ಅಂದೆ. ಈ ಹಾಳೆಗಳನ್ನ ತೋರಿಸಿದೆ. ಅವರಿಗೆ ಏನೂ ಅರ್ಥ ಆಗಲಿಲ್ಲ. ಒಂದು ವರ್ಷ ನೋಡೋಣ ಅಂತ ಹೋದ್ರು. ಬೀಗ ತಂದ್ರೆ ಆವಾಗ ನೋಡ್ಕೊಳ್ಳೋಣ." ಹಾಳೆಗಳ ರಾಶಿಯನ್ನು ಅವಳ ಕಡೆ ತಳ್ಳಿದರು. "ಪರೀಕ್ಷೆ ಮಾಡು."

ಮೊಂಡಿ ಕೂತು ಒಂದೊಂದೇ ನೋಡಿದಳು. ಫೆಬ್ರವರಿಯ ಹಾಳೆಯೊಂದರಲ್ಲಿ ಕೆಂಪು ಗೆರೆ ಇರಲಿಲ್ಲ.

"ಇದೊಂದು ಬಿಟ್ಟಿದ್ದೀರಿ."

"ಬಿಟ್ಟಿಲ್ಲ. ಮೂಲೆ ನೋಡು."

ಮೂಲೆಯಲ್ಲಿ ಸೂಜಿಯ ತೂತು. ನಾಲ್ಕೂ ಮೂಲೆಯಲ್ಲಿ. ಸೂರ್ಯನ ಮೇಲೆ ಒಂದೇ ಪುಟ್ಟ ಕಲೆ, ಸರಿಯಾಗಿ ನಡುಗೆರೆಗೆ ಅಂಟಿಕೊಂಡು. ತಿರುಗಿಸಿದರೂ ಒಂದೇ, ತಿರುಗಿಸದಿದ್ದರೂ ಒಂದೇ.

"ಆ ದಿನ ಪ್ಲಾಸ್ಟರ್ ಬಿಚ್ಚಿದ್ರು," ಎಂದರು ಮೇಡಂ. "ಹಿಗ್ಗಿಹೋಗಿ ನಿಂತೇ ಬರೆದೆ. ಸಂಜೆ ಕಾಲು ಕುಂಬಳಕಾಯಿ ಆಯ್ತು, ಮತ್ತೆ ಪ್ಲಾಸ್ಟರ್. ಈಗ ನಿನ್ನ ವರದೀಲಿ ಏನಂತ ಇದೆ, ಓದು."

ಓದುವ ಅಗತ್ಯವಿರಲಿಲ್ಲ. ನೂರ ಎಂಬತ್ತೇಳರಲ್ಲಿ ಒಂದಕ್ಕೂ ಸೂಜಿ ತೂತಿಲ್ಲ ಎಂದು ತುಂಬಿದ ಸಭೆಯಲ್ಲಿ ಎದೆ ಸೆಟೆಸಿ ಹೇಳಿದ್ದಳು. ಇಪ್ಪತ್ತು ಮೂವತ್ತು ಮೂಲೆ ಮುಟ್ಟಿ ನೋಡಿ, ಉಳಿದವೂ ಹಾಗೇ ಇರಬೇಕು ಎಂದುಕೊಂಡುಬಿಟ್ಟಿದ್ದಳು. ಹಾಳೆ ಹಾಗಿತ್ತು, ಬೆಳಕು ಸಾಲದಾಗಿತ್ತು ಎಂದು ಹೇಳಲು ಬಾಯಿ ತೆರೆದಳು. ಚಪ್ಪಲಿಯ ಕಥೆ ನೆನಪಾಗಿ ಮುಚ್ಚಿದಳು. ಚೀಲದಿಂದ ವರದಿ ತೆಗೆದು, ಮೇಡಂ ಕೈಯ ಕೆಂಪು ಪೆನ್ನು ಇಸಿದುಕೊಂಡು, ನೂರ ಎಂಬತ್ತೇಳಕ್ಕೆ ಒಂದೇ ಗೆರೆ ಹೊಡೆದು ನೂರ ಎಂಬತ್ತಾರು ಎಂದು ಬರೆದಳು. ತಾರೀಕು, ಸಹಿ.

"ಕೊಡಿಲ್ಲಿ," ಎಂದು ಮೇಡಂ ಕೈ ಚಾಚಿದರು. "ಈಗ ಸರಿಯಿದೆ. ಮೊದಲ ಪುಟಕ್ಕೆ ನಾನೂ ಸಹಿ ಹಾಕ್ತೀನಿ."

ಮೊಂಡಿ ವರದಿಯನ್ನು ಎದೆಗೆ ಒತ್ತಿಕೊಂಡಳು.

"ಬೇಡ ಮೇಡಂ. ಅದು ಸಹಿ ಇಲ್ಲದೇ ಪಾಸಾದ ವರದಿ. ಹಾಗೇ ಇರಲಿ."

ಮೇಡಂ ಅವಳನ್ನೇ ನೋಡಿದರು. ಆಮೇಲೆ, ಕಾಲೇಜಿನ ಮೂರು ವರ್ಷದಲ್ಲಿ ಮೊದಲ ಸಲ, ಬಾಯಿ ತುಂಬ ನಕ್ಕರು. "ನಿನಗೆ ಆ ಹೆಸರಿಟ್ಟವರು ಯಾರೋ, ಸರಿಯಾಗೇ ಇಟ್ಟಿದ್ದಾರೆ. ಏಳು, ಒಂಬತ್ತಾಯ್ತು. ಚಾವಣಿ ಸರಿಸು."

ಮೊಂಡಿ ಚಾವಣಿ ಸರಿಸಿದಳು. ಬಿಸಿಲು ಬಂತು. ಮೇಡಂ ಕುಡಿಯುತ್ತಿದ್ದ ಲೋಟ ಮೇಜಿನ ಅಂಚಿನಲ್ಲಿ, ಹಾಳೆಗಳಿಗೆ ತೀರ ಹತ್ತಿರ ಕೂತಿತ್ತು. ಅದನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು, ಹೊಸ ಹಾಳೆ ಬಿಡಿಸಿ, ನಾಲ್ಕು ಮೂಲೆಗೂ ಸೂಜಿ ಚುಚ್ಚಿದಳು.